ನ್ಯಾಚೆಜ್‌ನ ಹಳೆಯ ಮನೆಗಳು: ಅವ್ವನ ಜೊತೆ ಎರಡು ದಿನ

ಅವ್ವ ಈ ಸಲ ನಮ್ಮ ಮನೆಗೆ ಬಂದಾಗ ಮೊದಲೇ ಹೇಳಿದ್ದಳು. ಮಾಲ್ ಬೇಡ, ಎತ್ತರದ ಕಟ್ಟಡ ಬೇಡ. ಈ ಸೀಮೆಯ ಜನ ಹಿಂದೆ ಎಂಥ ಮನೆಯಲ್ಲಿದ್ದರು, ಅದನ್ನು ತೋರಿಸು. ನಾವಿರುವುದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ. ಅಲ್ಲಿಂದ ಹೈವೇ 61 ಹಿಡಿದು ಉತ್ತರಕ್ಕೆ ಒಂದೂವರೆ ಗಂಟೆ ಹೋದರೆ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಎರಡು ದಿನ ರಜೆ ಹಾಕಿ, ಅವ್ವನನ್ನೂ ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು ಹೊರಟೆ.

ಒಟ್ಟು ಆರು ಮನೆ, ಒಂದು ಬಯಲು ನೋಡಿದೆವು. ಕೆಲವಕ್ಕೆ ಮತ್ತೆ ಹೋಗುತ್ತೇನೆ. ಒಂದು ಮನೆಗೆ ಇನ್ನು ಹೋಗುವುದಿಲ್ಲ. ಹೋಗಬೇಕೆಂದಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಊರು ಚಿಕ್ಕದು. ಜನಸಂಖ್ಯೆ ಸುಮಾರು 14,500. ನಮ್ಮ ಗದಗಿನ ಒಂದು ದೊಡ್ಡ ಹಳ್ಳಿಯಷ್ಟು. ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲೆ ಕುಳಿತಿದೆ. 1861ಕ್ಕೆ ಮೊದಲು ಹತ್ತಿ ದುಡ್ಡು ಇಲ್ಲಿ ಹೊಳೆಯಂತೆ ಹರಿದಿತ್ತು. ಹತ್ತಿ ಬೆಳೆಯುತ್ತಿದ್ದದ್ದು ಹೆಚ್ಚಾಗಿ ನದಿಯಾಚೆ, ಲೂಸಿಯಾನಾ ಕಡೆಯ ತಗ್ಗು ಭೂಮಿಯಲ್ಲಿ. ಧಣಿಗಳು ಮಾತ್ರ ಈ ಕಡೆ, ಎತ್ತರದಲ್ಲಿ, ಗಾಳಿ ಬರುವ ಜಾಗದಲ್ಲಿ ಮನೆ ಕಟ್ಟಿಕೊಂಡರು. ಅದಕ್ಕೇ ಈ ಮನೆಗಳ ಸುತ್ತ ಹತ್ತಿಯ ಹೊಲ ಕಾಣುವುದಿಲ್ಲ. ತೋಟ, ಹುಲ್ಲು, ದೊಡ್ಡ ಓಕ್ ಮರಗಳು, ಅಷ್ಟೇ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ಗುಲಾಮಗಿರಿಯ ಕಾರಣಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು 1861ರಿಂದ ಕಾದಾಡಿದ ಅಂತರ್ಯುದ್ಧದಲ್ಲಿ ಈ ಊರು 1862ರಲ್ಲೇ ಉತ್ತರದವರಿಗೆ ಶರಣಾಯಿತು. ದೊಡ್ಡ ಕಾಳಗ ನಡೆಯಲಿಲ್ಲ. ಮನೆಗಳು ಉಳಿದವು. ಯುದ್ಧ ಮುಗಿದ ಮೇಲೆ ಅವನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಮತ್ತೂ ಉಳಿದವು. 1932ರಲ್ಲಿ ಇಲ್ಲಿನ ಗಾರ್ಡನ್ ಕ್ಲಬ್ಬಿನ ಹೆಂಗಸರು ತಮ್ಮ ಮನೆಗಳನ್ನೇ ಟಿಕೆಟ್ ಇಟ್ಟು ತೋರಿಸಲು ಶುರು ಮಾಡಿದರು. ಅದಕ್ಕೆ ಪಿಲ್‌ಗ್ರಿಮೇಜ್ ಅಂತ ಹೆಸರು. ನಮ್ಮ ಮಾತಲ್ಲಿ ಹೇಳುವುದಾದರೆ ಯಾತ್ರೆ. ಈಗಲೂ ವಸಂತದಲ್ಲಿ ನಡೆಯುತ್ತದೆ. ಆಗ ಜನ ವಾಸವಿರುವ ಖಾಸಗಿ ಮನೆಗಳೂ ತೆರೆಯುತ್ತವೆ. ಕೆಲವು ಮನೆಗಳನ್ನು ಉಳಿದ ದಿನಗಳಲ್ಲೂ ನೋಡಬಹುದು. ಅವ್ವನಿಗೆ ಜನಜಂಗುಳಿ ಆಗುವುದಿಲ್ಲ. ಅದಕ್ಕೇ ನಾನು ಸೀಸನ್ ಬಿಟ್ಟು ಹೋದೆ.

ಮೊದಲ ದಿನ ಬೆಳಿಗ್ಗೆ ಸ್ಟ್ಯಾಂಟನ್ ಹಾಲ್. ಐರ್ಲೆಂಡಿನಿಂದ ಬಂದ ಫ್ರೆಡರಿಕ್ ಸ್ಟ್ಯಾಂಟನ್ ಎಂಬ ಹತ್ತಿ ವ್ಯಾಪಾರಿ ಕಟ್ಟಿಸಿದ್ದು. 1857ರಲ್ಲಿ ಮುಗಿಯಿತು. 1859ರಲ್ಲಿ ಅವನು ತೀರಿಕೊಂಡ. ಊರ ನಡುವೆ ಇಡೀ ಒಂದು ಬ್ಲಾಕ್ ಈ ಒಂದೇ ಮನೆಯದು. ಎದುರಿಗೆ ನಾಲ್ಕು ದೊಡ್ಡ ಬಿಳಿ ಕಂಬ. ಬಾಗಿಲು ದಾಟಿದರೆ ಉದ್ದನೆಯ ಹಾಲ್. ಛಾವಣಿ ಎಷ್ಟು ಎತ್ತರ ಅಂದರೆ ನಮ್ಮ ಮಾತೇ ತಿರುಗಿ ನಮಗೆ ಕೇಳಿಸುತ್ತಿತ್ತು. ಕನ್ನಡಿಗಳು, ಗಾಜಿನ ದೀಪಗುಚ್ಛಗಳು, ಅಮೃತಶಿಲೆಯ ಬೆಂಕಿಗೂಡು. ಚೆಂದ, ನಿಜಕ್ಕೂ ಚೆಂದ. ಆದರೆ ಅವ್ವ ಹತ್ತು ನಿಮಿಷದಲ್ಲಿ ದಣಿದಳು. ಸಾಮಾನು ನೋಡಿ ಸಾಕಾಯಿತು ಅಂದಳು. ಒಂದೇ ಮನೆ ನೋಡುವ ಸಮಯವಿದ್ದು, ಶ್ರೀಮಂತಿಕೆ ನೋಡಬೇಕು ಅನ್ನುವವರು ಇಲ್ಲಿಗೆ ಹೋಗಬಹುದು.

ರೋಸಲಿ ಮನೆ ನನಗೆ ಇದಕ್ಕಿಂತ ಹಿಡಿಸಿತು. 1823ರದ್ದು. ನದಿಯ ದಂಡೆಯ ಮೇಲೇ ಇದೆ. ಯುದ್ಧದಲ್ಲಿ ಉತ್ತರದ ಸೇನೆ ಇದನ್ನೇ ಕೇಂದ್ರ ಮಾಡಿಕೊಂಡಿತ್ತು. ಇಲ್ಲಿನ ರೋಸ್‌ವುಡ್ ಕುರ್ಚಿ, ಸೋಫಾಗಳನ್ನು ನೋಡದೆ ಬರಬೇಡಿ. ನ್ಯೂಯಾರ್ಕಿನ ಬೆಲ್ಟರ್ ಎಂಬ ಹೆಸರಾಂತ ಬಡಿಗ ಮಾಡಿದ್ದು. ನಮ್ಮ ಬೀಟೆ ಇದೆಯಲ್ಲ, ಅದೇ ಜಾತಿಯ ಮರ. ತೆಳುವಾದ ಪದರಗಳನ್ನು ಅಂಟಿಸಿ, ಬಗ್ಗಿಸಿ, ಆಮೇಲೆ ಹೂವು ಬಳ್ಳಿ ಕೆತ್ತಿದ್ದಾರೆ. ಅವ್ವನ ಸೋದರಮಾವ ಬಡಿಗತನ ಮಾಡುತ್ತಿದ್ದರು. ಅವಳು ಆ ಕುರ್ಚಿಯ ಮುಂದೆ ಬಹಳ ಹೊತ್ತು ನಿಂತಳು. ಹಗ್ಗದ ಆಚೆ ಇತ್ತು, ಮುಟ್ಟುವಂತಿರಲಿಲ್ಲ. ಕೈ ಮಾತ್ರ ಗಾಳಿಯಲ್ಲೇ ಆ ಬಳ್ಳಿಯ ತಿರುವನ್ನು ಬರೆಯುತ್ತಿತ್ತು.

ಮಧ್ಯಾಹ್ನ ಲಾಂಗ್‌ವುಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಎಂಟು ಮೂಲೆಯ ಮನೆ. ತಲೆಯ ಮೇಲೆ ಈರುಳ್ಳಿ ಆಕಾರದ ಗುಮ್ಮಟ. ಕಾಡಿನ ನಡುವೆ ದಾರಿ ತಿರುಗಿದ ಕೂಡಲೇ ಎದುರಿಗೆ ಬರುತ್ತದೆ. ಮಗಳು ಇದು ಮಸೀದಿಯಾ ಅಂತ ಕೇಳಿದಳು. ಹಾಲರ್ ನಟ್ ಎಂಬ ಹತ್ತಿ ಧಣಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್ ಎಂಬ ವಾಸ್ತುಶಿಲ್ಪಿಯಿಂದ ನಕ್ಷೆ ಮಾಡಿಸಿದ. 1860ರಲ್ಲಿ ಕೆಲಸ ಶುರುವಾಯಿತು. 32 ಕೋಣೆಗಳ ಯೋಜನೆ. 1861ರಲ್ಲಿ ಯುದ್ಧ ಬಂತು. ಉತ್ತರದಿಂದ ಬಂದಿದ್ದ ಕುಶಲ ಕೆಲಸಗಾರರು ಕೈಯಲ್ಲಿದ್ದ ಹತಾರ ಅಲ್ಲೇ ಬಿಟ್ಟು ಊರಿಗೆ ಹೋದರು. ಕೆಳಗಿನ ನೆಲಮಾಳಿಗೆಯ ಒಂಬತ್ತು ಕೋಣೆ ಮಾತ್ರ ಮುಗಿದವು. ಅವನ್ನು ಮುಗಿಸಿದವರು ನಟ್ ಧಣಿಯ ಗುಲಾಮರು. 1864ರಲ್ಲಿ ನಟ್ ನ್ಯುಮೋನಿಯಾದಿಂದ ಸತ್ತ. ಹೆಂಡತಿ ಜೂಲಿಯಾ ಮಕ್ಕಳನ್ನು ಕಟ್ಟಿಕೊಂಡು ಆ ಒಂಬತ್ತು ಕೋಣೆಯಲ್ಲೇ ಬಾಳಿದಳು. ತಲೆಯ ಮೇಲೆ ಖಾಲಿ ಅರಮನೆ.

ಟೂರ್ ಆ ಕೆಳಗಿನ ಕೋಣೆಗಳಿಂದ ಶುರುವಾಗುತ್ತದೆ. ಹಾಸಿಗೆ, ಮೇಜು, ಕುಟುಂಬದ ಚಿತ್ರಗಳು. ಆಮೇಲೆ ಮೆಟ್ಟಿಲು ಹತ್ತಿಸುತ್ತಾರೆ. ಮೇಲೆ ಹೋದ ಕೂಡಲೇ ಎಲ್ಲ ಬದಲಾಗುತ್ತದೆ. ಗಿಲಾವು ಇಲ್ಲದ ಇಟ್ಟಿಗೆ ಗೋಡೆ. ಬಾಗಿಲಿಲ್ಲದ ಚೌಕಟ್ಟು. ತಲೆ ಎತ್ತಿದರೆ ಗುಮ್ಮಟದ ಒಳಗಿನ ಮರದ ಪಕ್ಕೆಲುಬುಗಳು ಕಾಣುತ್ತವೆ. ಆ ಕಾಲದ ಹತಾರಗಳು, ಸಾಮಾನು ಬಂದ ಮರದ ಪೆಟ್ಟಿಗೆಗಳು ಅಲ್ಲೇ ಇವೆ. ಒಂದು ಮನೆ ಹೇಗೆ ಮೈ ಪಡೆಯುತ್ತದೆ ಅನ್ನುವುದು ಮುಗಿದ ಮನೆಯಲ್ಲಿ ಕಾಣುವುದೇ ಇಲ್ಲ, ಅಲ್ವಾ? ಇಲ್ಲಿ ಕಾಣುತ್ತದೆ. ಇಟ್ಟಿಗೆ ಸುಟ್ಟದ್ದು ಇದೇ ಜಾಗದಲ್ಲಿ, ಗುಲಾಮರ ಕೈಯಿಂದ. ಬರಿಯ ಗೋಡೆಯ ಹತ್ತಿರ ಹೋಗಿ ನಿಂತರೆ ಒಂದೊಂದು ಇಟ್ಟಿಗೆಯೂ ಬೇರೆ ಬೇರೆ. ಒಂದು ಸ್ವಲ್ಪ ಸೊಟ್ಟ, ಒಂದರ ಅಂಚು ದುಂಡಗೆ. ಕೆಳಗಿನ ಬಣ್ಣದ ಕೋಣೆಗಳಲ್ಲಿ ಅವರ ಕೈ ಕಾಣಲಿಲ್ಲ. ಮೇಲೆ ಕಂಡಿತು.

ಅಲ್ಲಿ ನಿಂತಾಗಲೇ ನನಗೆ 1861 ಅನ್ನುವ ವರ್ಷ ಬೇರೆ ಕಡೆಯಿಂದ ನೆನಪಾಯಿತು. ಅಮೆರಿಕದ ಹತ್ತಿ ನಿಂತಿತು. ಇಂಗ್ಲೆಂಡಿನ ಗಿರಣಿಗಳು ಹತ್ತಿಗೆ ಹಿಂದೂಸ್ತಾನದ ಕಡೆ ನೋಡಿದವು. ನಮ್ಮ ಧಾರವಾಡ ಸೀಮೆಯಲ್ಲಿ ಹತ್ತಿ ಬೆಲೆ ಆಕಾಶಕ್ಕೇರಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1840ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಈ ದಕ್ಷಿಣ ಸೀಮೆಯಿಂದಲೇ 10 ಜನ ಹತ್ತಿ ಬೆಳೆಗಾರರನ್ನು ಕರೆದುಕೊಂಡು ಹೋಗಿತ್ತು. ಹಿಂದೂಸ್ತಾನದ ಬಹಳ ಕಡೆ ಅವರ ಪ್ರಯತ್ನ ಸೋತಿತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಮಾತ್ರ ನ್ಯೂ ಆರ್ಲಿಯನ್ಸ್ ಬೀಜ ಬೇರು ಬಿಟ್ಟಿತು. ಅದಕ್ಕೆ ಧಾರವಾಡ-ಅಮೆರಿಕನ್ ಹತ್ತಿ ಅಂತಲೇ ಹೆಸರಾಯಿತು. ನಮ್ಮ ಊರಿನ ವಾಡೆ ಎದ್ದದ್ದು ಆ ಯುದ್ಧದ ವರ್ಷಗಳ ಹತ್ತಿ ದುಡ್ಡಿನಲ್ಲಿ ಅಂತ ಅಜ್ಜ ಹೇಳುತ್ತಿದ್ದ. ಇಲ್ಲಿ ಹಾಲರ್ ನಟ್‌ನ ಮನೆ ನಿಂತುಹೋಯಿತು, ಅಲ್ಲಿ ನಮ್ಮೂರಿನ ವಾಡೆ ಮೇಲೆದ್ದಿತು. ಒಂದೇ ಯುದ್ಧ.

ಅವ್ವನಿಗೆ ಹೇಳಿದೆ. ಅವಳು ಸುಮ್ನೆ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಅವರು ಅರ್ಧ ಮನಿಯನ್ನ ಇಷ್ಟು ಜೋಪಾನ ಮಾಡ್ಯಾರ. ನಾವು ಇಡೀ ವಾಡೆ ಬೀಳಾಕ ಬಿಟ್ಟೀವಿ" ಅಂದಳು. ನಿಜ. ನಮ್ಮೂರಿನ ವಾಡೆಯ ಸಾಗವಾನಿ ಕಂಬಗಳನ್ನು ಮಾರಿ ಹತ್ತು ವರ್ಷವಾಯಿತು. ಪಡಸಾಲೆಯಲ್ಲಿ ಈಗ ಜಾಲಿ ಬೆಳೆದಿದೆ. ನನಗೆ ಆ ಮಾತು ಇನ್ನೂ ಚುಚ್ಚುತ್ತದೆ.

ರಾತ್ರಿ ಒಂದು ಹಳೆಯ ಮನೆಯಲ್ಲೇ ಉಳಿದೆವು. ಕೋಣೆ ಚೆನ್ನಾಗಿತ್ತು. ಸಸ್ಯಾಹಾರ ಅಂತ ಮೊದಲೇ ಬರೆದು ತಿಳಿಸಿದ್ದೆ. ಆದರೂ ಬೆಳಗಿನ ತಿಂಡಿಯಲ್ಲಿ ಮೊಟ್ಟೆ, ಹಂದಿಮಾಂಸ ಬಿಟ್ಟರೆ ಗ್ರಿಟ್ಸ್ ಒಂದೇ ಇತ್ತು. ಗ್ರಿಟ್ಸ್ ಅಂದರೆ ಗೋವಿನಜೋಳದ ನುಚ್ಚು, ಬೇರೇನಲ್ಲ. ಅವ್ವ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ತೆಗೆದಳು. ಮೂವರೂ ಎರಡೆರಡು ಬಟ್ಟಲು ತಿಂದೆವು. ಹೋಗುವವರು ಚಟ್ನಿಪುಡಿ ಒಯ್ಯಿರಿ. ಗ್ರಿಟ್ಸ್ ಬೇಯಿಸಲು ಮಾಂಸದ ಕೊಬ್ಬು ಹಾಕಿದ್ದಾರಾ ಅಂತ ಕೇಳುವುದನ್ನೂ ಮರೆಯಬೇಡಿ. ಕೆಲವರು ಹಾಕುತ್ತಾರೆ.

ಎರಡನೆಯ ದಿನ ಬೆಳಿಗ್ಗೆ ಹೋದ ಮನೆಯ ಹೆಸರು ಹೇಳುವುದಿಲ್ಲ. ಗೈಡ್ ಒಳ್ಳೆಯ ಹೆಂಗಸು, ಅವ್ವನಿಗೆ ಕುರ್ಚಿ ತಂದುಕೊಟ್ಟರು. ಆದರೆ ಒಂದು ಗಂಟೆಯಲ್ಲಿ ಒಂದು ಸಲವೂ ಗುಲಾಮರು ಅನ್ನುವ ಮಾತು ಬರಲಿಲ್ಲ. ಅಡುಗೆಯವರು, ಮನೆಯಾಳುಗಳು, ನಂಬಿಕೆಯ ಸೇವಕರು, ಹೀಗೆ. ಬೆಳ್ಳಿ ತಟ್ಟೆಯ ಬಗ್ಗೆ ಹದಿನೈದು ನಿಮಿಷ. ಮಗಳು ಕೈಯೆತ್ತಿ, ಆ ಸೇವಕರಿಗೆ ಸಂಬಳ ಎಷ್ಟಿತ್ತು ಅಂತ ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಮುಂದಿನ ಕೋಣೆಗೆ ಹೋಗೋಣ ಅಂದರು. ಟಿಕೆಟ್ಟಿನ ದುಡ್ಡಿಗಿಂತ ಮಗುವಿಗೆ ಉತ್ತರ ಸಿಗಲಿಲ್ಲ ಅನ್ನುವುದೇ ನನಗೆ ಬೇಜಾರು. ಕಾರಿನಲ್ಲಿ ಕೂತು ನಾನೇ ಹೇಳಿದೆ.

ಅಲ್ಲಿಂದ ನೇರ ಮೆಲ್ರೋಸ್‌ಗೆ ಹೋದದ್ದು ಒಳ್ಳೆಯದಾಯಿತು. ನನ್ನನ್ನು ಕೇಳಿದರೆ ನ್ಯಾಚೆಜ್‌ನಲ್ಲಿ ಮೊದಲು ನೋಡಬೇಕಾದ ಮನೆ ಇದು. ಪೆನ್ಸಿಲ್ವೇನಿಯಾದಿಂದ ಬಂದ ಜಾನ್ ಮ್ಯಾಕ್‌ಮರನ್ ಎಂಬ ವಕೀಲ 1840ರ ದಶಕದಲ್ಲಿ ಕಟ್ಟಿಸಿದ್ದು. ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ. ಅಂಗಳ, ತೋಟ, ಹಿಂದಿನ ಕಟ್ಟಡಗಳನ್ನು ಸುಮ್ನೆ ಸುತ್ತಾಡಿ ನೋಡಬಹುದು. ದೊಡ್ಡ ಮನೆಯ ಒಳಗೆ ಗೈಡ್ ಜೊತೆ ಹೋಗಬೇಕು. ಹಜಾರದಲ್ಲಿ ಬಣ್ಣ ಬಳಿದ ಕ್ಯಾನ್ವಾಸಿನ ನೆಲಹಾಸು ಇದೆ, ಆ ಕಾಲದ್ದೇ. ಬಾಗಿಲುಗಳ ಮೇಲೆ ಕುಂಚದಿಂದ ಬೇರೆ ಮರದ ಗೆರೆ ಬರೆದಿದ್ದಾರೆ. ಹತ್ತಿರ ಹೋಗುವವರೆಗೂ ಗೊತ್ತಾಗುವುದಿಲ್ಲ.

ಊಟದ ಕೋಣೆಗೆ ಹೋದಾಗ ಅವ್ವ ಬಾಗಿಲಲ್ಲೇ ನಿಂತಳು. ಮೇಜಿನ ಮೇಲೆ ಛಾವಣಿಯಿಂದ ದೊಡ್ಡ ಮರದ ಹಲಗೆಯೊಂದು ತೂಗುತ್ತಿತ್ತು. ಅಂಚಿಗೆ ಕೆತ್ತನೆ. ಅದಕ್ಕೊಂದು ಹಗ್ಗ. "ಪಂಖಾ ಅಲ್ಲೇನು ಇದು?" ಅಂದಳು. ಅದೇ. ಗೈಡ್ ಕೂಡ ಪಂಖಾ ಅಂತಲೇ ಹೇಳಿದರು. ನಮ್ಮ ದೇಶದ ಮಾತು ಇಂಗ್ಲಿಷರ ಬಾಯಲ್ಲಿ ಸಮುದ್ರ ದಾಟಿ ಮಿಸಿಸಿಪ್ಪಿಯ ಊಟದ ಮನೆಗೆ ಬಂದಿದೆ. ಅವ್ವನ ತಂದೆ ಚಿಕ್ಕವರಿದ್ದಾಗ ಧಾರವಾಡದ ಕಚೇರಿಯಲ್ಲಿ ಸಾಹೇಬನ ತಲೆಯ ಮೇಲೆ ಇಂಥದ್ದು ತೂಗುತ್ತಿತ್ತಂತೆ. ಹೊರಗೆ ವರಾಂಡದಲ್ಲಿ ಒಬ್ಬ ಕುಳಿತು ದಿನವಿಡೀ ಹಗ್ಗ ಎಳೆಯುತ್ತಿದ್ದನಂತೆ. ಇಲ್ಲಿ ಆ ಹಗ್ಗ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದದ್ದು ಗುಲಾಮರ ಮಕ್ಕಳು. ಊಟದ ಮೇಲೆ ನೊಣ ಕೂರಬಾರದು, ಮೇಣದ ದೀಪವೂ ಆರಬಾರದು, ಅಷ್ಟು ಹದವಾಗಿ ಎಳೆಯಬೇಕು. ಧಣಿಗಳು ಊಟ ಮಾಡುತ್ತಾ ಆಡುವ ಮಾತೆಲ್ಲ ಆ ಮಗುವಿನ ಕಿವಿಗೆ ಬೀಳುತ್ತಿತ್ತು. ಯಾರನ್ನು ಮಾರುತ್ತಾರೆ ಅನ್ನುವ ಮಾತೂ ಬೀಳುತ್ತಿತ್ತೇನೋ. ಮಗಳು ಆ ಮೂಲೆಗೆ ಹೋಗಿ ನಿಂತು ಮೇಜಿನ ಕಡೆ ನೋಡಿದಳು. ನಾವು ಯಾರೂ ಹೇಳಿರಲಿಲ್ಲ.

ಮನೆಯ ಹಿಂದೆ ಗುಲಾಮರು ಇದ್ದ ಕಟ್ಟಡಗಳಿವೆ, ಅಡುಗೆಮನೆಯೂ ಇದೆ. ಹಿಂದಿನ ಜಗಲಿಯಲ್ಲಿ ಸಾಲಾಗಿ ಗಂಟೆಗಳು. ಒಂದೊಂದರ ದನಿ ಬೇರೆ. ಯಾವ ಕೋಣೆಯಿಂದ ಕರೆದರು ಅಂತ ದನಿಯಿಂದಲೇ ಗುರುತಿಸಿ ಓಡಿ ಬರಬೇಕು. ಈ ಹಿಂದಿನ ಭಾಗಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಬಹಳ ಜನ ಮುಂದಿನ ಕಂಬಗಳ ಮುಂದೆ ಫೋಟೋ ತೆಗೆದುಕೊಂಡು ಹೊರಟೇಬಿಡುತ್ತಾರೆ. ನಾವು ಅಲ್ಲಿದ್ದಷ್ಟು ಹೊತ್ತೂ ಹಿಂದೆ ನಾವು ಮೂವರೇ.

ಊರ ನಡುವೆ, ಸ್ಟೇಟ್ ಸ್ಟ್ರೀಟ್‌ನಲ್ಲಿ ವಿಲಿಯಂ ಜಾನ್ಸನ್ ಮನೆ ಇದೆ. ಇದೂ ರಾಷ್ಟ್ರೀಯ ಉದ್ಯಾನದ್ದೇ. ಸಾಧಾರಣ ಇಟ್ಟಿಗೆ ಮನೆ. ಕಂಬ ಇಲ್ಲ, ದೀಪಗುಚ್ಛ ಇಲ್ಲ. ಜಾನ್ಸನ್ 1809ರಲ್ಲಿ ಗುಲಾಮನಾಗಿ ಹುಟ್ಟಿದ. 1820ರಲ್ಲಿ ಬಿಡುಗಡೆ ಸಿಕ್ಕಿತು. ಕ್ಷೌರದ ಕೆಲಸ ಕಲಿತ. ಊರಿನ ಬಿಳಿಯ ಧಣಿಗಳ ಗಡ್ಡ ಹೆರೆಯುತ್ತಾ ಅಂಗಡಿಗಳನ್ನು ಬೆಳೆಸಿದ. 1840ರ ಮೇ ತಿಂಗಳಲ್ಲಿ ಭಯಂಕರ ಸುಂಟರಗಾಳಿ ಬೀಸಿ ಊರು ನೆಲಸಮವಾಯಿತು, 317 ಜನ ಸತ್ತರು. ಬಿದ್ದ ಕಟ್ಟಡಗಳ ಇಟ್ಟಿಗೆ ಆರಿಸಿ ಈ ಮನೆ ಕಟ್ಟಿದ. ಕೆಳಗೆ ಬಾಡಿಗೆಗೆ ಅಂಗಡಿ, ಮೇಲೆ ಸಂಸಾರ.

1835ರಿಂದ 1851ರವರೆಗೆ ಅವನು ದಿನಚರಿ ಬರೆದ. ಕುದುರೆ ಓಟ, ಹವೆ, ಸಾಲ, ಊರ ಜಗಳ, ಎಲ್ಲ ಅದರಲ್ಲಿದೆ. ಕ್ಷೌರದಂಗಡಿಗಿಂತ ಜಾಸ್ತಿ ಸುದ್ದಿ ಇನ್ನೆಲ್ಲಿ ಸಿಗುತ್ತದೆ? ಆದರೆ ಇನ್ನೊಂದು ವಿಷಯವನ್ನೂ ಆ ಮನೆ ಮುಚ್ಚಿಡುವುದಿಲ್ಲ. ಜಾನ್ಸನ್ ಹತ್ತಿರವೂ ಗುಲಾಮರಿದ್ದರು. ಅವ್ವನಿಗೆ ಇದು ತಡೆಯಲಿಲ್ಲ. ಬಿಡುಗಡೆಯಾದವನು ಮತ್ತೊಬ್ಬನನ್ನು ಹೇಗೆ ಕೊಂಡ ಅಂತ ಎರಡು ಸಲ ಕೇಳಿದಳು. ಅಲ್ಲಿದ್ದ ರೇಂಜರ್ ಅವಸರ ಮಾಡದೆ ಉತ್ತರಿಸಿದರು. ಆಗ ಆಸ್ತಿ ಅಂದರೆ ಏನಿತ್ತು, ಬಿಳಿಯರ ನಡುವೆ ಮರ್ಯಾದೆ ಅಂದರೆ ಏನಿತ್ತು ಅಂತ ವಿವರಿಸಿದರು. ಅದಕ್ಕೆ ಸಮಜಾಯಿಷಿ ಮಾತ್ರ ಕೊಡಲಿಲ್ಲ. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. 1851ರಲ್ಲಿ ಜಮೀನಿನ ಗಡಿ ಜಗಳದಲ್ಲಿ ಜಾನ್ಸನ್‌ನನ್ನು ಗುಂಡಿಟ್ಟು ಕೊಂದರು. ನೋಡಿದ ಸಾಕ್ಷಿಗಳು ಕರಿಯರು. ಕೊಂದವನು ತಾನು ಬಿಳಿಯ ಅಂದ. ಬಿಳಿಯರ ವಿರುದ್ಧ ಕರಿಯರ ಸಾಕ್ಷಿ ಕಾನೂನಿನಲ್ಲಿ ನಡೆಯುತ್ತಿರಲಿಲ್ಲ. ಅವನು ಬಿಡುಗಡೆಯಾದ. ದಿನಚರಿಯನ್ನು ಮನೆಯವರು ಅಟ್ಟದ ಮೇಲೆ ಕಾಪಾಡಿಕೊಂಡು ಬಂದರು. 1951ರಲ್ಲಿ ಅದು ಅಚ್ಚಾಯಿತು. ಅವನು ಸತ್ತ ನೂರು ವರ್ಷಕ್ಕೆ! ಇಲ್ಲಿ ಪ್ರವೇಶಕ್ಕೆ ದುಡ್ಡಿಲ್ಲ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ.

ಕೊನೆಗೆ ಫೋರ್ಕ್ಸ್ ಆಫ್ ದಿ ರೋಡ್. ಇದು ಮನೆಯಲ್ಲ. ಊರಿನ ಅಂಚಿನ ಒಂದು ಬಯಲು, ರಸ್ತೆ ಕವಲೊಡೆಯುವ ಜಾಗ. 1833ರಿಂದ 1863ರವರೆಗೆ ಇಲ್ಲಿ ಮನುಷ್ಯರ ಸಂತೆ ನಡೆಯುತ್ತಿತ್ತು. ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡದು ನ್ಯೂ ಆರ್ಲಿಯನ್ಸಿನದು ಒಂದೇ. ವರ್ಜೀನಿಯಾದ ಕಡೆಯಿಂದ ಸರಪಳಿ ಹಾಕಿ ನಡೆಸಿಕೊಂಡು ಬರುತ್ತಿದ್ದರು. 1863ರಲ್ಲಿ ಉತ್ತರದ ಸೇನೆಯ ಕರಿಯ ಸೈನಿಕರು ಆ ದೊಡ್ಡಿಗಳನ್ನು ಕಿತ್ತು, ಅದೇ ಮರದಿಂದ ತಮ್ಮ ಬಿಡಾರ ಕಟ್ಟಿಕೊಂಡರು. 2021ರಲ್ಲಿ ಈ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಈಗ ಅಲ್ಲಿರುವುದು ಫಲಕಗಳು, ಹುಲ್ಲು, ಮತ್ತು ಕಾಂಕ್ರೀಟಿನಲ್ಲಿ ಹೂತಿಟ್ಟ ಕಬ್ಬಿಣದ ಸಂಕೋಲೆಗಳು. ಪಕ್ಕದಲ್ಲೇ ಕಾರುಗಳು ಓಡಾಡುತ್ತವೆ. ಯಾರೋ ಹೂವು ಇಟ್ಟು ಹೋಗಿದ್ದರು. ಅವ್ವ ಚಪ್ಪಲಿ ಬಿಟ್ಟು ನಿಂತಳು.

ನನ್ನ ಸಲಹೆ ಇಷ್ಟು. ಇಲ್ಲಿಂದ ಶುರು ಮಾಡಿ, ಆಮೇಲೆ ದೊಡ್ಡ ಮನೆಗಳಿಗೆ ಹೋಗಿ. ನಾವು ಉಲ್ಟಾ ಮಾಡಿದೆವು. ಇದನ್ನು ಮೊದಲು ನೋಡಿದ್ದರೆ ಸ್ಟ್ಯಾಂಟನ್ ಹಾಲ್‌ನ ಕನ್ನಡಿಗಳ ಮುಂದೆ ಬೇರೆ ಪ್ರಶ್ನೆ ಕೇಳುತ್ತಿದ್ದೆವು. ದಿನಕ್ಕೆ ಮೂರು ಮನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಕಾಲು ಸೋಲುತ್ತದೆ. ಮಂಡಿ ನೋವಿದ್ದವರು ಮೆಟ್ಟಿಲು ಎಷ್ಟು ಅಂತ ಮೊದಲೇ ಕೇಳಿ. ಲಾಂಗ್‌ವುಡ್‌ನಲ್ಲಿ ಅವ್ವ ನನ್ನ ಭುಜ ಹಿಡಿದೇ ಹತ್ತಿದಳು. ಒಳಗೆ ಫೋಟೋ ತೆಗೆಯಬಹುದಾ ಅನ್ನುವುದು ಒಂದೊಂದು ಮನೆಗೆ ಒಂದೊಂದು ಥರ. ಮೆಲ್ರೋಸ್ ಟೂರಿನ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಹೋಗಬೇಡಿ, ನದಿಯ ಸೆಕೆ ತಡೆಯಲಾಗದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆಗೆ ಗೈಡ್ ಉತ್ತರ ಕೊಡದಿದ್ದರೆ ನೀವು ಕೊಡಿ.

ವಾಪಸ್ ಬರುವಾಗ ಸೇತುವೆ ದಾಟಿ ಲೂಸಿಯಾನಾ ಕಡೆಯಿಂದ ಬಂದೆವು. ಅವ್ವನಿಗೆ ಹೊಲ ನೋಡಬೇಕಿತ್ತು. ಸ್ವಲ್ಪ ದೂರ ಹೋದ ಮೇಲೆ ಎಡಕ್ಕೆ ಹತ್ತಿ ಹೊಲ ಸಿಕ್ಕಿತು, ಕಣ್ಣು ಹಾಯುವಷ್ಟು ದೂರ ಬಿಳಿ. ಒಂದು ಕಡೆ ಯಂತ್ರದಿಂದ ಬಿಡಿಸಿ, ಗುಲಾಬಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಉರುಟು ಬೇಲ್‌ಗಳನ್ನು ಸಾಲಾಗಿ ಇಟ್ಟಿದ್ದರು. ಹೊಲದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ರಸ್ತೆ ಬದಿಗೆ ಗಾಳಿಗೆ ಹಾರಿ ಬಂದು ಬಿದ್ದ ಒಂದು ಹಿಡಿ ಹತ್ತಿಯನ್ನು ಅವ್ವ ಎತ್ತಿಕೊಂಡಳು. ಎರಡೂ ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದಳು, ಅಜ್ಜ ಜಯಧರ ಹತ್ತಿಯನ್ನು ಪೇಟೆಗೆ ಹೇರುವ ಮೊದಲು ಎಳೆದು ನೋಡುತ್ತಿದ್ದ ಹಾಗೆ.

"ಎಳಿ ಉದ್ದ ಐತಿ" ಅಂದಳು. ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಒಳಗಿನ ಬೀಜ ಎಲ್ಲಿದೆ ಹುಡುಕು ಅಂತ ತೋರಿಸತೊಡಗಿದಳು.